ಭದ್ರಾವತಿಯಲ್ಲಿ ಸೋತ ಸಂಜೆ

ಐವತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಶಿವಮೊಗ್ಗದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಕಂಡಕ್ಟರಾಗಿ ಸೇರಿಕೊಂಡೆ. ಆಗ ಕಂಡಕ್ಟರ್ ಅಂದರೆ ಬರೀ ಟಿಕೆಟ್ ಹರಿಯುವವನಲ್ಲ. ಟಾಪ್ ಹತ್ತಿ ಅಡಿಕೆ ಮೂಟೆಗೆ ಹಗ್ಗ ಬಿಗಿಯುವವನೂ ಅವನೇ, ಹಳ್ಳ ಕಂಡಲ್ಲಿ ಇಳಿದು ರೇಡಿಯೇಟರಿಗೆ ನೀರು ತರುವವನೂ ಅವನೇ, ಡ್ರೈವರಿಗೆ ತೂಕಡಿಕೆ ಬಾರದಂತೆ ಮಾತಾಡುತ್ತಾ ಕೂರುವವನೂ ಅವನೇ. ನನ್ನನ್ನು ತೀರ್ಥಹಳ್ಳಿ ಲೈನಿಗೆ, ಉಸ್ತಾದರ ಬಸ್ಸಿಗೆ ಹಾಕಿದರು.

ಡ್ರೈವರುಗಳನ್ನೆಲ್ಲ ಉಸ್ತಾದ್ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಆದರೆ ನಮ್ಮ ಷೆಡ್ಡಿನಲ್ಲಿ ಉಸ್ತಾದ್ ಎಂದರೆ ಇವರೊಬ್ಬರೇ. ನಲವತ್ತರ ಆಸುಪಾಸಿನ ಎತ್ತರದ ಆಳು. ಕಾಲರಿನ ಸುತ್ತ ಯಾವಾಗಲೂ ಒಂದು ಕರ್ಚೀಫು. ಸಕ್ರೆಬೈಲಿನ ಹತ್ತಿರ ಕ್ಯಾಂಪಿನ ಆನೆಗಳು ರಸ್ತೆ ದಾಟುತ್ತಿದ್ದರೆ ಎಂಜಿನ್ ನಿಲ್ಲಿಸಿ ಕಾಯುತ್ತಿದ್ದರು. ಹಾರ್ನ್ ಹೊಡೀರಿ ಎಂದು ಯಾರಾದರೂ ಹಿಂದಿನಿಂದ ಕೂಗಿದರೆ, "ಅದ್ರ ಊರಲ್ಲಿ ನಾವ್ ಹೋಗ್ತಾ ಇರೋದು ಮಾರಾಯ, ಸುಮ್ನೆ ಕೂತ್ಕೊ" ಎನ್ನುವರು. ಮಂಡಗದ್ದೆಯ ತಿರುವುಗಳಲ್ಲಿ ಅವರು ಸ್ಟೇರಿಂಗ್ ತಿರುಗಿಸುವುದನ್ನು ನೋಡುತ್ತಾ ಕೂತರೆ ನನಗೆ ಏನೋ ಧೈರ್ಯ. ನನ್ನ ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. ಅವರ ಜಾಗದಲ್ಲಿ ಉಸ್ತಾದರು ಇದ್ದರು ಎಂದರೆ ದೊಡ್ಡ ಮಾತಾಯಿತು. ಆದರೆ ಮದುವೆಗೆ ಹುಡುಗಿ ನೋಡಲು ಹೋಗುವಾಗ ನಾನು ಮೊದಲು ಹೇಳಿದ್ದು ಅವರಿಗೇ.

ಅವರದು ಒಂದೇ ಹಟ. ಸಂಜೆಯ ಟ್ರಿಪ್ಪು ಮಾಡುತ್ತಿರಲಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಡುವ ಬಸ್ಸು, ಮಧ್ಯಾಹ್ನ ದಾಟುವುದರೊಳಗೆ ವಾಪಸ್ಸು. ಯಾರಾದರೂ ರಜೆ ಹಾಕಿ ಸಂಜೆಯ ಡ್ಯೂಟಿ ಇವರ ಮೇಲೆ ಬಂದರೆ ಇನ್ನೊಬ್ಬರ ಕೈಕಾಲು ಹಿಡಿದಾದರೂ ಬದಲಾಯಿಸಿಕೊಳ್ಳುತ್ತಿದ್ದರು. ಕೇಳಿದವರಿಗೆ, "ಮಗ್ರಿಬ್ ನಮಾಜು ತಪ್ಪಿಸಲ್ಲ ಅಂತ ಹರಕೆ ಇದೆ" ಎನ್ನುವರು. ಷೆಡ್ಡಿನಲ್ಲಿ ಎಲ್ಲರಿಗೂ ಅದರ ಮೇಲೆ ಗೌರವವೇ. ಸೂರ್ಯ ಇಳಿಯುವ ಹೊತ್ತಿಗೆ ಅವರು ಗೋಡೆಗುಂಟ ನಿಧಾನವಾಗಿ ನಡೆದು ಮಸೀದಿಯ ಕಡೆ ಹೋಗುವುದನ್ನು ನಾನೂ ನೋಡಿದ್ದೆ.

ಕ್ರಿಕೆಟ್ ಹುಚ್ಚು ಹತ್ತಿಸಿದ್ದೂ ಅವರೇ. ಹೈಸ್ಕೂಲಿನಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್ ಆಗಿದ್ದರಂತೆ. ಡ್ರೈವರು, ಕಂಡಕ್ಟರು, ಷೆಡ್ಡಿನ ಮೆಕ್ಯಾನಿಕ್ಕುಗಳನ್ನು ಸೇರಿಸಿ ಒಂದು ಟೀಮು ಕಟ್ಟಿದ್ದರು. ಭಾನುವಾರ ಬೆಳಿಗ್ಗೆ ತುಂಗೆಯ ದಂಡೆಯ ಬಯಲಲ್ಲಿ ಆಟ. ಎರಡು ಬ್ಯಾಟು, ಒಬ್ಬೊಬ್ಬರಿಗೆ ಒಂದೊಂದೇ ಪ್ಯಾಡು. ಉಸ್ತಾದರು ಕ್ಯಾಪ್ಟನ್, ನಾನು ವಿಕೆಟ್ ಹಿಂದೆ, ಷೆಡ್ಡಿನ ಫಿಟ್ಟರ್ ನಮ್ಮ ವೇಗದ ಬೌಲರ್. ಈ ಫಿಟ್ಟರ್ ಭದ್ರಾವತಿಯ ತಮಿಳು ಮನೆಯವನು, ಮುಂಗೋಪಿ, ಚೆಂಡು ಎಸೆದರೆ ಎದುರಿನವನ ಎದೆ ನಡುಗಬೇಕು. ಕಚೇರಿಯವರ ಟೀಮು, ಅಕ್ಕಿ ಗಿರಣಿಯವರ ಟೀಮು, ಹೀಗೆ ಊರಿನ ನಾಲ್ಕಾರು ಟೀಮುಗಳನ್ನು ನಾವು ಸೋಲಿಸಿದ್ದೆವು. ಅದರಿಂದ ಸ್ವಲ್ಪ ಸೊಕ್ಕೂ ಬಂದಿತ್ತು.

ಆ ಸೊಕ್ಕಿನಲ್ಲೇ ನಮ್ಮ ಮೇನೇಜರು ಭದ್ರಾವತಿಯ ಕಾರ್ಖಾನೆಯ ಕೆಲಸಗಾರರ ಟೀಮಿನ ಜೊತೆ ಮ್ಯಾಚ್ ಒಪ್ಪಿಕೊಂಡು ಬಂದರು. ಅಲ್ಲಿನವರಿಗೆ ಮೊದಲ ಪಾಳಿ ಬಿಟ್ಟ ಮೇಲೆಯೇ ಬಿಡುವು. ಹಾಗಾಗಿ ಆಟ ಸಂಜೆ, ಒಂದೊಂದು ಕಡೆಗೆ ಇಪ್ಪತ್ತು ಓವರ್.

"ಬೆಳಿಗ್ಗೆ ಆಗಲ್ವಾ ಸಾರ್?" ಎಂದು ಉಸ್ತಾದರು ಕೇಳಿದರು.

"ಅವ್ರು ಕಬ್ಬಿಣ ಕಾಯಿಸೋದ್ ಬಿಟ್ಟು ನಿಮಗೋಸ್ಕರ ಬರ್ತಾರೇನ್ರೀ? ಒಂದ್ ದಿನದ ನಮಾಜು ಅಲ್ಲೇ ಎಲ್ಲಾದ್ರೂ ಮಾಡಿ" ಎಂದರು ಮೇನೇಜರು. ಅಲ್ಲಿಗೆ ಮಾತು ಮುಗಿಯಿತು.

ಫೆಬ್ರವರಿಯ ಒಂದು ಮಧ್ಯಾಹ್ನ ಹಳೆಯ ಬಸ್ಸೊಂದರಲ್ಲಿ ಹೊರಟೆವು. ಬೇರೆ ಡ್ರೈವರುಗಳೆಲ್ಲ ಲೈನಿನ ಮೇಲಿದ್ದರು, ಹಾಗಾಗಿ ಉಸ್ತಾದರೇ ಓಡಿಸಿದರು. ಮೇನೇಜರು ಮುಂದಿನ ಸೀಟಿನಲ್ಲಿ, ಹೊಸ ಕೋಟು ಹಾಕಿಕೊಂಡು. ಮಾಚೇನಹಳ್ಳಿ ದಾಟುವವರೆಗೂ ಹುಡುಗರು ಬಸ್ಸಿನ ತಗಡು ಬಡಿದು ಹಾಡಿದ್ದೇ ಹಾಡಿದ್ದು. ಭದ್ರಾವತಿ ಹತ್ತಿರವಾದಂತೆ ಚಿಮಣಿಗಳ ಹೊಗೆ ಕಂಡಿತು, ಗಾಳಿಯಲ್ಲಿ ಸುಟ್ಟ ಇದ್ದಿಲಿನ ವಾಸನೆ. ಮೈದಾನದ ಸುತ್ತ ಪಾಳಿ ಬಿಟ್ಟು ಬಂದ ಜನ, ಅವರ ಹೆಂಡಿರು ಮಕ್ಕಳು. ಅಷ್ಟೊಂದು ಜನರ ಎದುರು ನಾವು ಯಾವತ್ತೂ ಆಡಿರಲಿಲ್ಲ. ಹಾಡು ತಾನಾಗಿ ನಿಂತಿತು.

ಪಿಚ್ಚಿಗೆ ಹಾಸುವ ನಾರಿನ ಚಾಪೆ ಬರುವುದು ತಡವಾಯಿತು. ಮೊಳೆ ಹೊಡೆದು ಅದನ್ನು ಬಿಗಿಯುವಷ್ಟು ಹೊತ್ತೂ ಉಸ್ತಾದರು ಅತ್ತಿಂದಿತ್ತ ನಡೆಯುತ್ತಲೇ ಇದ್ದರು. ಟಾಸಿಗೆ ಹೋಗುವಾಗ ನನ್ನ ಕಿವಿಯಲ್ಲಿ, "ಗೆದ್ರೆ ಬ್ಯಾಟಿಂಗೇ ತಗೊಳ್ತೀನಿ, ಏನೇ ಆಗ್ಲಿ" ಎಂದರು. ಟಾಸ್ ಸೋತರು. ಕಾರ್ಖಾನೆಯವರು ತಾವೇ ಮೊದಲು ಬ್ಯಾಟ್ ಮಾಡುತ್ತೇವೆ ಎಂದರು.

ಆಮೇಲೆ ನಡೆದದ್ದನ್ನು ಆಟ ಎನ್ನುವುದು ಕಷ್ಟ. ಅವರ ಮೊದಲಿಬ್ಬರು ಕುಲುಮೆಯ ಮುಂದೆ ಸಲಿಕೆ ಹಿಡಿಯುವ ಆಳುಗಳು. ನಮ್ಮ ಫಿಟ್ಟರನ ಚೆಂಡಿಗೆ ಅವರ ಎದೆ ನಡುಗಲಿಲ್ಲ. ಮೊದಲ ಓವರಿನಲ್ಲೇ ಒಂದು ಚೆಂಡು ನಮ್ಮ ಬಸ್ಸಿನ ಟಾಪಿನ ಮೇಲೆ ಬಿದ್ದು ಢಣ್ ಎಂದಿತು. ಜನ ಹೋ ಎಂದು ಕೂಗಿದರು. ಫಿಟ್ಟರನಿಗೆ ಅವನ ಊರಲ್ಲೇ, ಅವನ ಪರಿಚಯದವರ ಎದುರಲ್ಲೇ ಹೊಡೆತ. ಅವನು ಇನ್ನೂ ಜೋರಾಗಿ ಎಸೆದ, ಅವರು ಇನ್ನೂ ದೂರ ಹೊಡೆದರು. ಚೆಂಡು ಹುಡುಕಿ ತರುವುದರಲ್ಲೇ ಹೊತ್ತು ಕಳೆಯುತ್ತಿತ್ತು.

ಉಸ್ತಾದರ ನಡವಳಿಕೆ ನನಗೆ ಅರ್ಥವಾಗಲಿಲ್ಲ. ಸಾಮಾನ್ಯವಾಗಿ ಅವರು ಸಮಾಧಾನದ ಮನುಷ್ಯ. ಬೌಲರಿನ ಹೆಗಲ ಮೇಲೆ ಕೈ ಹಾಕಿ ಮಾತಾಡುವವರು. ಅಂದು "ಬೇಗ, ಬೇಗ ಹಾಕ್ರೋ, ಓಡಿ ಬನ್ನಿ" ಎಂದು ಗದರುತ್ತಿದ್ದರು. ರನ್ನು ಎಷ್ಟಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಸಲ ಸೂರ್ಯನ ಕಡೆ ನೋಡುವರು, ಇನ್ನೊಂದು ಸಲ ಶಿವಮೊಗ್ಗದ ರಸ್ತೆಯ ಕಡೆ. ಯಾರಿಗೋ ಕಾಯುತ್ತಿದ್ದ ಹಾಗಿತ್ತು.

ಕಾರ್ಖಾನೆಯವರ ಇನಿಂಗ್ಸ್ ಮುಗಿಯುತ್ತಾ ಬಂದಾಗ ಒಂದು ಕ್ಯಾಚು ನೇರ ಉಸ್ತಾದರ ಕಡೆ ಹೋಯಿತು. ಮಗು ಹಿಡಿಯಬಹುದಾದ ಕ್ಯಾಚು. ಅವರು ಕೈಯನ್ನೇ ಎತ್ತಲಿಲ್ಲ. ಚೆಂಡು ಹೆಗಲಿಗೆ ಬಡಿದು ನೆಲಕ್ಕೆ ಬಿತ್ತು. ಬಿದ್ದ ಚೆಂಡನ್ನು ಅವರು ಬಗ್ಗಿ ಹುಡುಕಿದರು. ಅದು ಅವರ ಕಾಲ ಬಳಿಯೇ ಇತ್ತು.

"ಎಲ್ಲಿ ನೋಡ್ತಾ ಇದೀರಿ ಉಸ್ತಾದ್!" ಎಂದು ಫಿಟ್ಟರ್ ಕಿರುಚಿದ.

ನೂರ ಅರವತ್ತರ ಮೇಲೆ ರನ್ನು ಹೊಡೆಸಿಕೊಂಡು ನಾವು ಬ್ಯಾಟಿಗೆ ಇಳಿದಾಗ ಚಿಮಣಿಗಳ ನೆರಳು ಮೈದಾನವನ್ನು ದಾಟಿ ಜನರ ಕಾಲ ಹತ್ತಿರ ಬಂದಿತ್ತು. ಬೆಳಕಿನ್ನೂ ಇತ್ತು. ನಮಗೆಲ್ಲ ಚೆಂಡು ಕಾಣುತ್ತಿತ್ತು. ಉಸ್ತಾದರು ಮತ್ತು ಫಿಟ್ಟರ್ ಮೊದಲು ಹೋದರು. ಪಡುವಣಕ್ಕೆ ಮುಖ ಮಾಡಿ ನಿಂತಷ್ಟು ಹೊತ್ತು ಉಸ್ತಾದರು ಒಂದೆರಡು ಹೊಡೆತ ಚೆನ್ನಾಗಿಯೇ ಹೊಡೆದರು. ನಾವು ಚಪ್ಪಾಳೆ ತಟ್ಟಿದೆವು. ಸೂರ್ಯ ಕಾರ್ಖಾನೆಯ ಹಿಂದೆ ಇಳಿದ.

ಉಸ್ತಾದರು ಒಂದು ಚೆಂಡನ್ನು ಪಕ್ಕಕ್ಕೆ ತಳ್ಳಿ "ಬಾ" ಎಂದು ಕೂಗಿದರು. ಫಿಟ್ಟರ್ ಓಡಿದ. ಚೆಂಡು ಹೋದ ಕಡೆಯೇ ಎದುರು ಟೀಮಿನ ಆಟಗಾರನೊಬ್ಬ ನಿಂತಿದ್ದ, ಉಸ್ತಾದರಿಂದ ನಾಲ್ಕು ಮಾರು ದೂರದಲ್ಲಿ, ಬಿಳಿ ಷರಟು ಹಾಕಿಕೊಂಡು. ಅವನು ಅವಸರವೇ ಇಲ್ಲದೆ ಚೆಂಡೆತ್ತಿ ವಿಕೆಟ್ಟಿಗೆ ಹೊಡೆದ. ಫಿಟ್ಟರ್ ಬ್ಯಾಟನ್ನು ನೆಲಕ್ಕೆ ಕುಕ್ಕಿದ. "ಕಣ್ಣೇನ್ ಕುರುಡಾ ನಿಮ್ದು? ಅಲ್ಲೇ ಮರದ ಥರ ನಿಂತಿದಾನಲ್ಲ!" ಎಂದ. ಎಲ್ಲರಿಗೂ ಕೇಳಿಸಿತು.

ಫಿಟ್ಟರನ ಜಾಗಕ್ಕೆ ನಾನು ಹೋದೆ. ಮುಂದಿನ ಓವರಿಗೆ ಕಾರ್ಖಾನೆಯವರ ವೇಗದ ಬೌಲರ್ ಬಂದ. ಇನ್ನೊಂದು ತುದಿಯಲ್ಲಿ ನಿಂತ ನನಗೆ ಉಸ್ತಾದರ ಮುಖ ಕಾಣುತ್ತಿತ್ತು. ಅವರು ಚೆಂಡನ್ನು ನೋಡುತ್ತಿರಲಿಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿ ಬೌಲರಿನ ಹೆಜ್ಜೆಯ ಸದ್ದು ಕೇಳುತ್ತಿದ್ದರು. ಚೆಂಡು ಚಾಪೆಯಿಂದ ಪುಟಿದು ಅವರ ಎದೆಗೆ ಬಡಿಯಿತು. ಮಿಸುಕಾಡಲಿಲ್ಲ, ತಪ್ಪಿಸಿಕೊಳ್ಳುವ ಪ್ರಯತ್ನವೂ ಇಲ್ಲ. ಆ ಬೌಲರ್ ಪಾಪದವನು, ಓಡಿ ಬಂದು, "ಅಣ್ಣಾ, ಜಾಸ್ತಿ ಏಟಾಯ್ತಾ?" ಎಂದು ಕೇಳಿದ. ಉಸ್ತಾದರು ಕೈಯಾಡಿಸಿ ಅವನನ್ನು ಕಳಿಸಿದರು. ಮುಂದಿನ ಚೆಂಡಿಗೆ ನಡುವಿನ ವಿಕೆಟ್ಟು ಹಾರಿತು. ಬ್ಯಾಟು ಎತ್ತಿದ್ದು ಎತ್ತಿದ ಹಾಗೇ ಇತ್ತು. ಸದ್ದು ಕೇಳಿ ಹಿಂದಕ್ಕೆ ತಿರುಗಿದರು, ಕೈ ಚಾಚಿ ವಿಕೆಟ್ಟು ಮುಟ್ಟಿ ನೋಡಿದರು. ನಂತರ ಬ್ಯಾಟನ್ನು ಕಂಕುಳಲ್ಲಿಟ್ಟು ನಡೆದರು, ನಮ್ಮವರು ಕೂತ ಕಡೆಗಲ್ಲ, ಅದರ ವಿರುದ್ಧ ದಿಕ್ಕಿಗೆ, ಕಾರ್ಖಾನೆಯವರ ಹೆಂಗಸರು ಮಕ್ಕಳು ಕೂತಿದ್ದ ಕಡೆಗೆ. ಯಾರೋ "ಹಾಕ್ಕೊಂಡ್ ಬಂದಿದಾನೆ" ಎಂದರು. ದೊಡ್ಡ ನಗು ಎದ್ದಿತು. ಆಯುಷ್ಯದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ. ಅಂಪೈರ್ ಹೋಗಿ ತೋಳು ಹಿಡಿದು ತಿರುಗಿಸಿ ಕಳಿಸಿದರು.

ಉಳಿದ ನಾವು ಮುಖ ತೋರಿಸಿ ಬಂದೆವು ಅಷ್ಟೇ. ಒಟ್ಟು ಮೂವತ್ತೊಂದು ರನ್ನು. ಕೊನೆಯ ವಿಕೆಟ್ಟು ಬಿದ್ದಾಗ ಜನ ಆಗಲೇ ಎದ್ದು ಮನೆಗಳ ಕಡೆ ಹೊರಟಿದ್ದರು. ಕಾರ್ಖಾನೆಯವರು ಟೀ, ಬನ್ನು ಕೊಟ್ಟರು, ಯಾರೂ ಅಣಕಿಸಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು. ಫಿಟ್ಟರ್ ಟೀ ಮುಟ್ಟಲಿಲ್ಲ.

"ಹತ್ತಿ, ಹತ್ತಿ, ಕತ್ತಲಾಯ್ತು. ಉಸ್ತಾದ್, ಗಾಡಿ ತೆಗೀರಿ" ಎಂದರು ಮೇನೇಜರು.

ಉಸ್ತಾದರು ಬಸ್ಸಿನ ಪಕ್ಕ ನಿಂತಿದ್ದರು. ಒಂದು ಅಂಗೈ ತಗಡಿನ ಮೇಲಿತ್ತು. ಇನ್ನೊಮ್ಮೆ ರಸ್ತೆಯ ಕಡೆ ಮುಖ ತಿರುಗಿಸಿದರು.

"ನಾನು ಓಡ್ಸಲ್ಲ ಸಾರ್."

"ಸೋತಿದ್ದಕ್ಕೆ ಕೋಪಾನಾ? ಹತ್ರೀ ಸುಮ್ನೆ."

"ಕೋಪ ಅಲ್ಲ. ನಂಗೆ ಕಾಣಲ್ಲ."

ಮೇನೇಜರು ನಕ್ಕರು. "ಮೂವತ್ತಕ್ಕೆ ಔಟಾಗಿ ಈಗ ಕಣ್ಣಿನ ಮೇಲೆ ಹಾಕ್ತೀರಾ? ಚೆನ್ನಾಗಿದೆ."

"ಸಾರ್, ನೀವು ನನ್ನ ಮುಂದೆ ನಿಂತಿದೀರಿ ಅಂತ ನಿಮ್ಮ ಮಾತಿಂದ ಗೊತ್ತಾಗ್ತಿದೆ. ಮುಖ ಕಾಣಲ್ಲ. ಹೊತ್ತು ಮುಳುಗಿದ ಮೇಲೆ ನಂಗೆ ಏನೂ ಕಾಣಲ್ಲ. ಇವತ್ತಿಂದಲ್ಲ, ಎರಡು ವರ್ಷ ಆಗ್ತಾ ಬಂತು."

ಅವರೇ ಮುಂದುವರಿಸಿದರು. ವಾಪಸ್ಸು ಬಸ್ಸು ಓಡಿಸಲು ಇನ್ನೊಬ್ಬ ಡ್ರೈವರಿಗೆ ಹೇಳಿದ್ದರಂತೆ. ಅವನು ಡ್ಯೂಟಿ ಮುಗಿಸಿ ಭದ್ರಾವತಿಗೆ ಬರಬೇಕಿತ್ತು, ಬಂದಿರಲಿಲ್ಲ. "ಮೆಲ್ಲಗೆ ಹೋದ್ರೆ ಮುಟ್ಟಿಸಬಹುದು ಅಂತ ಒಂದ್ ಸಲ ಅನ್ನಿಸ್ತು. ಇಷ್ಟು ಜನ ಮಕ್ಕಳನ್ನ ಕೂರಿಸ್ಕೊಂಡು ಆಗಲ್ಲ ಸಾರ್. ನನ್ನ ಕೈಲಿ ಆಗಲ್ಲ." ಗಾಡಿಯ ಕೀಯನ್ನು ಅಂಗೈ ಮೇಲಿಟ್ಟು ಮುಂದೆ ಚಾಚಿದರು. ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಆಟದಲ್ಲಿ ಅವರನ್ನು ಬೈದಿದ್ದ ಫಿಟ್ಟರನೇ ಕೊನೆಗೆ ಬಂದು ತೆಗೆದುಕೊಂಡ. ಅವನಿಗೆ ಲೈಸೆನ್ಸು ಇತ್ತು. ರಿಪೇರಿಯಾದ ಗಾಡಿಗಳನ್ನು ಊರ ಹೊರಗೆ ಓಡಿಸಿ ನೋಡುತ್ತಿದ್ದ, ಅಷ್ಟೇ.

ಉಸ್ತಾದರನ್ನು ನಾನು ಕೈ ಹಿಡಿದು ಹತ್ತಿಸಿದೆ. ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ ಕೂತರು. ಬಸ್ಸು ತೆವಳುತ್ತಾ ಹೊರಟಿತು. ದೀಪವಿಲ್ಲದ ಎತ್ತಿನ ಗಾಡಿಗಳು ಒಂದೊಂದಾಗಿ ಹೆಡ್‌ಲೈಟಿನ ಬೆಳಕಿಗೆ ದಿಢೀರನೆ ಬರುತ್ತಿದ್ದವು. ಪ್ರತಿ ಸಲವೂ ಫಿಟ್ಟರ್ ಬ್ರೇಕ್ ಒತ್ತಿದಾಗ ಉಸ್ತಾದರ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು. ಸಂಜೆಯ ಟ್ರಿಪ್ಪುಗಳನ್ನು ತಪ್ಪಿಸಿಕೊಂಡಿದ್ದರು, ಸರಿ. ಆದರೆ ಮಳೆಗಾಲದಲ್ಲಿ ಮೋಡ ಕವಿದು ಮಧ್ಯಾಹ್ನವೇ ಕತ್ತಲಾದ ದಿನಗಳು? ಮಂಡಗದ್ದೆಯ ತಿರುವು, ಕೆಳಗೆ ತುಂಬಿದ ಹೊಳೆ, ಒಳಗೆ ಶಾಲೆಯ ಮಕ್ಕಳು, ಬಸುರಿಯರು, ಬಾಗಿಲಲ್ಲಿ ನಾನು?

"ಮಳೆಗಾಲದಲ್ಲಿ?" ಎಂದು ಕೇಳಿದೆ.

"ಆ ರಸ್ತೆ ನಂಗೆ ಬಾಯಿಪಾಠ" ಎಂದರು. ಇನ್ನೊಂದು ಎತ್ತಿನ ಗಾಡಿ ದಾಟಿದ ಮೇಲೆ, "ರಸ್ತೆ ಬಾಯಿಪಾಠ. ದಾಟೋರು ಬಾಯಿಪಾಠ ಅಲ್ವಲ್ಲ" ಎಂದರು. "ನಮ್ಮ ಮಾಮೂಗೂ ಹೀಗೇ ಆಗಿತ್ತು. ಮೊದಲು ರಾತ್ರಿ, ಆಮೇಲೆ ಪಕ್ಕದ್ದು ಕಾಣಲ್ಲ, ಆಮೇಲೆ ಹಗಲೂ ಹೋಯ್ತು. ನಂಗೆ ಗೊತ್ತಿತ್ತು ಮಾರಾಯ. ನಮಾಜಿನ ಹೆಸರಲ್ಲಿ ಸುಳ್ಳು ಹೇಳ್ಕೊಂಡ್ ಬಂದೆ. ಯಾರತ್ರ ಮಾಫಿ ಕೇಳ್ಲಿ ಅದಕ್ಕೆ?"

ಅವರ ಮನೆಯ ಓಣಿಯ ಬಾಯಿಗೆ ಬಸ್ಸು ನಿಲ್ಲಿಸಿದೆವು. ಕಂದೀಲು ಹಿಡಿದು ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಹಿಡಿದು ಕರೆತರುವುದನ್ನು ನೋಡಿಯೇ ಅವರಿಗೆ ತಿಳಿಯಿತು. "ಎಲ್ಲಾರ್ಗೂ ಗೊತ್ತಾಯ್ತಾ?" ಎಂದಷ್ಟೇ ಕೇಳಿದರು.

ಮರುದಿನ ಅವರನ್ನು ಲೈನಿನಿಂದ ತೆಗೆದರು. ಬೇರೆ ಏನು ಮಾಡಲು ಸಾಧ್ಯವಿತ್ತು, ನನಗೂ ತೋಚುವುದಿಲ್ಲ. ಕಣ್ಣಿನ ಡಾಕ್ಟರು ಎಷ್ಟೋ ಹೊತ್ತು ನೋಡಿ, ಇದು ಮನೆತನದಲ್ಲಿ ಬಂದ ಕಾಯಿಲೆ, ಮದ್ದಿಲ್ಲ, ದೃಷ್ಟಿ ಇದ್ದಷ್ಟು ದಿನ ಇರುತ್ತದೆ ಎಂದರು. ಜೊತೆಗೆ ಹೋಗಿದ್ದ ನಾನು ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದೆ. "ಬೇಡ, ಇವ್ರು ಸುಳ್ಳು ಹೇಳ್ಲಿಲ್ಲ" ಎಂದರು ಉಸ್ತಾದರು.

ಷೆಡ್ಡಿನಲ್ಲಿ ಮಾತು ಎರಡಾಯಿತು. ಕೀ ಕೊಟ್ಟು ಎಲ್ಲರ ಜೀವ ಉಳಿಸಿದರು ಎನ್ನುವವರು ಕೆಲವರು. ಎರಡು ವರ್ಷ ಎಲ್ಲರ ಜೀವದ ಜೊತೆ ಆಡಿದ ಎನ್ನುವವರು ಹೆಚ್ಚು. ಹೇಳಿದ ದಿನ ಬಾರದೆ ಹೋದ ಆ ಡ್ರೈವರ್ ಎಲ್ಲರಿಗಿಂತ ಜೋರಾಗಿ ಎರಡನೆಯದನ್ನು ಹೇಳುತ್ತಿದ್ದ. ನಾನು ಯಾವ ಕಡೆಗೂ ಮಾತಾಡಲಿಲ್ಲ. ಎರಡೂ ನಿಜವಾಗಿತ್ತು.

ಮೇನೇಜರು ದಯೆ ಮಾಡಿ ಷೆಡ್ಡಿನಲ್ಲೇ ಹಗಲು ಕೆಲಸ ಕೊಟ್ಟರು. ಬಸ್ಸು ತೊಳೆಯುವುದು, ಹರಿದ ಸೀಟುಗಳಿಗೆ ನಾರು ತುಂಬಿ ಹೊಲಿಯುವುದು. ತಾವು ಓಡಿಸಿದ್ದ ಬಸ್ಸಿನ ಚಕ್ರದ ಕೆಸರನ್ನು ಅವರು ಕುಕ್ಕರಗಾಲಲ್ಲಿ ಕೂತು ತಿಕ್ಕುವುದನ್ನು ನೋಡಲಾರದೆ ನಾನು ಬೇಗ ಬೇಗ ಟ್ರಿಪ್ ಶೀಟು ಕೊಟ್ಟು ಹೊರಟುಬಿಡುತ್ತಿದ್ದೆ. ಒಂದು ದಿನ ಹಿಂದಕ್ಕೆ ಬರುತ್ತಿದ್ದ ಬಸ್ಸು ಪಕ್ಕದಿಂದ ಬಂದದ್ದು ಅವರಿಗೆ ಕಾಣಲಿಲ್ಲ. ಬಕೀಟು ನಜ್ಜುಗುಜ್ಜಾಯಿತು, ಅವರು ಉಳಿದರು. ಆ ಸಂಜೆಯೇ ತಾವಾಗಿ ಕೆಲಸ ಬಿಟ್ಟರು.

ಭದ್ರಾವತಿಯ ನಂತರ ನಾವು ಒಂದು ಆಟವನ್ನೂ ಆಡಲಿಲ್ಲ. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ, ಆಡೋಣ ಎಂದೂ ಹೇಳಲಿಲ್ಲ. ಫಿಟ್ಟರ್ ಸ್ವಲ್ಪ ಕಾಲದಲ್ಲೇ ಕೆಲಸ ಬಿಟ್ಟು ಭದ್ರಾವತಿಗೇ ಹೋದ. ಹೋಗುವ ಮುಂಚೆ ಉಸ್ತಾದರ ಓಣಿಯವರೆಗೂ ನನ್ನ ಜೊತೆ ಬಂದು, ಬಾಗಿಲ ತನಕ ಬರಲಾರದೆ ಹಿಂದಿರುಗಿದ.

ನಾನು ಹೋಗುತ್ತಿದ್ದೆ, ಪದೇ ಪದೇ ಅಲ್ಲ. ಕೆಲವು ವರ್ಷಗಳಲ್ಲಿ ಅವರಿಗೆ ಹಗಲೂ ಕಾಣದಂತಾಯಿತು. ಹೆಂಡತಿ ಬೀಡಿ ಕಟ್ಟುತ್ತಿದ್ದರು. ಕಟ್ಟಿದ ಬೀಡಿಗಳನ್ನು ಇವರು ಬೆರಳಲ್ಲಿ ಎಣಿಸಿ ಕಂತೆ ಮಾಡುತ್ತಿದ್ದರು. ಒಂದು ಬಕ್ರೀದಿನ ದಿನ ಊಟಕ್ಕೆ ಕರೆದಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ನನಗೇ ಬೇರೆಯಾಗಿ ಅನ್ನ ಸಾರು ಮಾಡಿಸಿದ್ದರು. ಊಟವಾದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು:

"ನನ್ನ ಮೇಲೆ ನಿಂಗೆ ಕೋಪ ಇದೆಯಾ? ಖರೆ ಹೇಳು."

ಇಲ್ಲ ಎನ್ನಬಹುದಿತ್ತು. ಆಗ ನನಗೊಬ್ಬಳು ಮಗಳು ಹುಟ್ಟಿದ್ದಳು. ಅವಳನ್ನು ಎತ್ತಿಕೊಂಡಾಗಲೆಲ್ಲ ಮಂಡಗದ್ದೆಯ ತಿರುವು ಕಣ್ಣ ಮುಂದೆ ಬರುತ್ತಿತ್ತು.

"ಇತ್ತು" ಎಂದೆ.

"ಈಗ?"

"ಈಗಲೂ ಒಂದು ಚೂರು ಇದೆ ಉಸ್ತಾದ್."

ಅವರು ತಲೆಯಾಡಿಸಿದರು. "ಇರ್ಲಿ. ಇಲ್ಲ ಅಂದಿದ್ರೆ ನಂಬ್ತಿರ್ಲಿಲ್ಲ" ಎಂದರು. ನನ್ನ ಮೊಣಕಾಲ ಮೇಲೆ ಕೈಯಿಟ್ಟರು, ಬಹಳ ಹೊತ್ತು ತೆಗೆಯಲಿಲ್ಲ. ಹೋಗಿ ಬರ್ತೀನಿ ಎಂದು ನಾನು ಏಳುವಾಗ, ಮಗುವನ್ನು ಒಮ್ಮೆ ಕರೆದುಕೊಂಡು ಬಾ ಎಂದರು. ಕರೆದುಕೊಂಡು ಹೋದೆ. ಅವಳ ಮುಖವನ್ನು ಬೆರಳಿಂದ ಸವರಿ, ಮೂಗು ನಿನ್ನದೇ ಎಂದರು.

ಅವರು ತೀರಿಕೊಂಡಾಗ ನಾನು ಲೈನಿನ ಮೇಲಿದ್ದೆ. ಎದೆನೋವು ಎಂದರಂತೆ, ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದುಹೋಯಿತಂತೆ. ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿ ಟಿಕೆಟ್ಟಿನ ಹಣದ ಚೀಲವನ್ನು ಷೆಡ್ಡಿಗೂ ಕೊಡದೆ ಓಡಿದೆ. ಅಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ವಾಪಸ್ಸು ಬಂದಿದ್ದರು. ಓಣಿಯಲ್ಲಿ ಬೆಂಚು ಹಾಕಿ ಗಂಡಸರು ಕೂತಿದ್ದರು. ಗಂಡ ತೀರಿದ ಮೇಲೆ ಪಾಲಿಸುವ ಪದ್ಧತಿಯಂತೆ ಅವರ ಹೆಂಡತಿ ಹೊರಗೆ ಬರುವಂತಿರಲಿಲ್ಲ, ಪರದೆಯ ಆಚೆಯಿಂದಲೇ ನನ್ನ ಧ್ವನಿ ಗುರುತಿಸಿದರು.

"ಡ್ಯೂಟಿಯಿಂದ ಸೀದಾ ಬಂದ್ರಾ? ಊಟ ಆಗಿಲ್ಲ ಅಲ್ವಾ?"

ಇಲ್ಲ ಎಂದೆ. ಪಕ್ಕದ ಮನೆಯವರು ಮಾಡಿ ಕಳಿಸಿದ ಅನ್ನ, ಬೇಳೆಸಾರನ್ನು ಯಾರೋ ತಟ್ಟೆಯಲ್ಲಿ ತಂದು ಮುಂದಿಟ್ಟರು. ಹಸಿವಿತ್ತು. ಬೆಂಚಿನ ತುದಿಯಲ್ಲಿ ಕೂತು ಪೂರ್ತಿ ಉಂಡೆ.